ನಿಮ್ಮ ಶಾಸಕರು ಹೌದೆಂದರೋ, ಇಲ್ಲವೆಂದರೋ?

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ನಡೆದದ್ದನ್ನು ಟಿ.ವಿ.ಯಲ್ಲಿ ನೋಡಿದವರು ಮರೆತಿರಲಾರರು. ವಿರೋಧ ಪಕ್ಷದವರು ಸಭಾಧ್ಯಕ್ಷರ ಪೀಠದವರೆಗೂ ನುಗ್ಗಿ ಕಾಗದ ಹರಿದು ತೂರಿದರು. ಮಾರ್ಷಲ್‌ಗಳು ಬಂದರು. ಬಿಜೆಪಿಯ 18 ಶಾಸಕರು ಆರು ತಿಂಗಳ ಮಟ್ಟಿಗೆ ಅಮಾನತಾದರು. ಮರುದಿನದ ಮುಖಪುಟಗಳಿಗೆ ಅಷ್ಟು ಸಾಕಾಯಿತು. ಅದೇ ದಿನ, ಅದೇ ಗದ್ದಲದ ನಡುವೆ, ಮುಖ್ಯಮಂತ್ರಿ, ಸಚಿವರು ಮತ್ತು ಶಾಸಕರ ಸಂಬಳ ಹೆಚ್ಚಿಸುವ ಎರಡು ಮಸೂದೆಗಳು ಚರ್ಚೆಯೇ ಇಲ್ಲದೆ ಅಂಗೀಕಾರವಾದವು. ಮುಖ್ಯಮಂತ್ರಿಗಳ ತಿಂಗಳ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು, ಶಾಸಕರದು 40 ಸಾವಿರದಿಂದ 80 ಸಾವಿರಕ್ಕೆ.

ಅದಕ್ಕೂ ಹಿಂದಿನ ಏರಿಕೆ ಆದದ್ದು 2022ರ ಫೆಬ್ರುವರಿಯಲ್ಲಿ. ಆಗ ಸರ್ಕಾರ ಬಿಜೆಪಿಯದು. ರಾಷ್ಟ್ರಧ್ವಜದ ಬಗ್ಗೆ ಕೆ.ಎಸ್. ಈಶ್ವರಪ್ಪನವರು ಆಡಿದ ಮಾತಿಗಾಗಿ ಸದನದ ಬಾವಿಯಲ್ಲಿ ಧರಣಿ ಕೂತಿದ್ದವರು ಕಾಂಗ್ರೆಸ್ಸಿನವರು. ಅಂದೂ ಚರ್ಚೆ ಇರಲಿಲ್ಲ, ಅಂದೂ ಗದ್ದಲ ಇತ್ತು, ಅಂದೂ ಸಂಬಳ ಏರಿತು. ಎರಡು ಸಲಕ್ಕೂ ಬದಲಾದದ್ದು ಕೂತವರ ಬದಿ ಮಾತ್ರ.

ಸಂಬಳ ಹೆಚ್ಚಾದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಒಂದು ಮನೆ, ಕ್ಷೇತ್ರದಲ್ಲಿ ಒಂದು ಕಚೇರಿ, ದಿನಕ್ಕೆ ನೂರಾರು ಜನರ ಓಡಾಟ. ಪ್ರಾಮಾಣಿಕನಾದ ಶಾಸಕನಿಗೆ 40 ಸಾವಿರ ಯಾವ ಮೂಲೆಗೂ ಸಾಲದು ಎಂಬ ವಾದವನ್ನು ಸದನದಲ್ಲೇ ಎದ್ದು ನಿಂತು ಮಂಡಿಸಬಹುದಿತ್ತು. ಕೇಳಿದರೆ ಹಲವರು ಒಪ್ಪುತ್ತಿದ್ದರು. ನನ್ನ ಪ್ರಶ್ನೆ ಇನ್ನೂ ಚಿಕ್ಕದು. ನಿಮ್ಮ ಕ್ಷೇತ್ರದ ಶಾಸಕರು ಆ ಮಸೂದೆಗೆ ಹೌದೆಂದರೋ, ಇಲ್ಲವೆಂದರೋ, ಅಥವಾ ಅಂದು ಸದನಕ್ಕೇ ಬಂದಿರಲಿಲ್ಲವೋ? ಅದನ್ನು ತಿಳಿಯಲು ನಿಮಗಿರುವ ದಾರಿ ಯಾವುದು?

ದಾರಿ ಇಲ್ಲ. ಶಾಸಕನ ಬಗ್ಗೆ ಉಳಿದದ್ದನ್ನೆಲ್ಲ ತಿಳಿಯಬಹುದು. 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳ ದೆಸೆಯಿಂದ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ಪ್ರಮಾಣಪತ್ರ ಸಲ್ಲಿಸಬೇಕು. ಅವರ ಹೆಂಡತಿಯ ಕೊರಳಲ್ಲಿ ಎಷ್ಟು ಗ್ರಾಂ ಚಿನ್ನವಿದೆ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಇದೆ, ಯಾವ ಬ್ಯಾಂಕಿನಲ್ಲಿ ಸಾಲವಿದೆ, ಮೇಲೆ ಯಾವ ಯಾವ ಕೇಸುಗಳಿವೆ, ಎಲ್ಲವೂ ಅದರಲ್ಲಿ ಬರುತ್ತದೆ. ಪಿಆರ್‌ಎಸ್‌ನಂಥ ಸಂಸ್ಥೆಗಳು ಸಂಸದರ ಹಾಜರಾತಿ, ಕೇಳಿದ ಪ್ರಶ್ನೆಗಳು, ಭಾಗವಹಿಸಿದ ಚರ್ಚೆಗಳ ಲೆಕ್ಕ ಇಡುತ್ತವೆ. ಶಾಲೆಯ ಪ್ರಗತಿಪತ್ರದಲ್ಲಿ ಹಾಜರಾತಿಯನ್ನೂ ಮಗು ಎಷ್ಟು ಸಲ ಕೈಯೆತ್ತಿತು ಎಂಬುದನ್ನೂ ಬರೆದು ಅಂಕದ ಕಾಲಂ ಖಾಲಿ ಬಿಟ್ಟ ಹಾಗಿದೆ ಇದು. ಸಂಸ್ಥೆಗಳ ತಪ್ಪಲ್ಲ. ಬಹುಪಾಲು ಮಸೂದೆಗಳಿಗೆ ಯಾರು ಯಾವ ಕಡೆ ಮತ ಹಾಕಿದರು ಎಂಬ ದಾಖಲೆಯೇ ಹುಟ್ಟುವುದಿಲ್ಲ.

ಹುಟ್ಟದೆ ಇರುವುದು ಹೇಗೆಂದರೆ ಹೀಗೆ. ಸಭಾಧ್ಯಕ್ಷರು ಪ್ರಸ್ತಾವವನ್ನು ಮತಕ್ಕೆ ಹಾಕುತ್ತಾರೆ. ಪರವಾಗಿರುವವರು ಹೌದು ಎನ್ನಬೇಕು, ವಿರೋಧ ಇರುವವರು ಇಲ್ಲ ಎನ್ನಬೇಕು. ಯಾವ ಕಡೆಯ ದನಿ ದೊಡ್ಡದೆಂದು ಪೀಠಕ್ಕೆ ತೋರಿತೋ ಆ ಕಡೆ ಗೆದ್ದಿತು. ಪತ್ರಿಕೆಗಳು ಇದನ್ನೇ ‘ಧ್ವನಿಮತದಿಂದ ಅಂಗೀಕಾರ’ ಎನ್ನುತ್ತವೆ. ಯಾರಾದರೂ ಆ ತೀರ್ಮಾನವನ್ನು ಪ್ರಶ್ನಿಸಿ ಮತವಿಭಜನೆ ಕೇಳಿದರೆ ಎಣಿಕೆ ನಡೆಯಬೇಕು. ಲೋಕಸಭೆಯಲ್ಲಾದರೆ ಗಂಟೆ ಬಾರಿಸಿ, ಬಾಗಿಲು ಹಾಕಿ, ಮೇಜಿನ ಗುಂಡಿ ಒತ್ತಿಸುತ್ತಾರೆ. ನಮ್ಮ ವಿಧಾನಸಭೆಯಲ್ಲಿ 2019ರ ಜುಲೈ 23ರ ವಿಶ್ವಾಸಮತದ ದಿನ ನೋಡಿದೆವಲ್ಲ, ಸಾಲು ಸಾಲಾಗಿ ಎಬ್ಬಿಸಿ ನಿಲ್ಲಿಸಿ ಅಧಿಕಾರಿಗಳು ತಲೆ ಎಣಿಸಿದರು. ಪರವಾಗಿ 99, ವಿರುದ್ಧ 105. ಸರ್ಕಾರ ಬಿತ್ತು.

ಕುರ್ಚಿಯ ಪ್ರಶ್ನೆ ಬಂದಾಗ ಒಂದೊಂದು ತಲೆಯನ್ನೂ ಎಣಿಸುವ ಸದನ ಕಾನೂನಿನ ಪ್ರಶ್ನೆ ಬಂದಾಗ ಕಿವಿಯನ್ನು ನಂಬುತ್ತದೆ.

ಇದಕ್ಕೆ ಒಂದು ಅಪವಾದವುಂಟು. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಎಣಿಸಲೇಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತ ಬಿದ್ದವು, ವಿರುದ್ಧ ಎರಡೇ ಎರಡು. ಎರಡೂ ಎಐಎಂಐಎಂನವು: ಅಸಾದುದ್ದೀನ್ ಒವೈಸಿ ಮತ್ತು ಇಮ್ತಿಯಾಜ್ ಜಲೀಲ್. ಹಿಂದುಳಿದ ವರ್ಗದ ಮತ್ತು ಮುಸ್ಲಿಂ ಮಹಿಳೆಯರಿಗೆ ಒಳಮೀಸಲಾತಿ ಇಲ್ಲವೆಂಬುದು ಅವರು ಕೊಟ್ಟ ಕಾರಣ. ಆ ಕಾರಣ ನಿಮಗೆ ಒಪ್ಪಿಗೆಯಾಗಬಹುದು, ಆಗದಿರಬಹುದು. ಆದರೆ ಅವರಿಬ್ಬರೂ ಅದನ್ನು ಹೇಳಲೇಬೇಕಾಯಿತು, ಹೇಳಿದ್ದಕ್ಕೆ ಬೈಗುಳ ತಿನ್ನಬೇಕಾಯಿತು, ಮುಂದಿನ ಚುನಾವಣೆಯಲ್ಲಿ ಅದನ್ನೇ ಹೊತ್ತು ಜನರ ಮುಂದೆ ನಿಲ್ಲಬೇಕಾಯಿತು. ಹೆಸರಿನ ಎದುರು ಒಂದು ಮತ ಬರೆದಿಟ್ಟರೆ ಎಷ್ಟು ಕೆಲಸವಾಗುತ್ತದೆ ನೋಡಿ.

ಬರೆದಿಡದಿದ್ದರೆ ಏನಾಗುತ್ತದೆಂಬುದಕ್ಕೆ 2020ರ ಸೆಪ್ಟೆಂಬರ್ 20ರ ರಾಜ್ಯಸಭೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಂದು ಭಾನುವಾರ. ಎರಡು ಕೃಷಿ ಮಸೂದೆಗಳು ಸದನದ ಮುಂದಿದ್ದವು. ಅಂದೇ ರಾಜ್ಯಸಭಾ ಸದಸ್ಯರಾಗಿ ಪ್ರಮಾಣವಚನ ತೆಗೆದುಕೊಂಡಿದ್ದ ಎಚ್.ಡಿ. ದೇವೇಗೌಡರು ಮಾತಾಡಿ, ಕೋವಿಡ್ ಕಾಲದಲ್ಲಿ ಇಷ್ಟು ಅವಸರವೇಕೆ ಎಂದು ಕೇಳಿದರು. ಮಸೂದೆಗಳನ್ನು ಆಯ್ಕೆ ಸಮಿತಿಗೆ ಒಪ್ಪಿಸಿ ಎಂದವರು ಮತವಿಭಜನೆಗೆ ಪಟ್ಟು ಹಿಡಿದರು. ಉಪಸಭಾಪತಿ ಹರಿವಂಶ್ ಒಪ್ಪಲಿಲ್ಲ. ಕೇಳಿದವರು ತಮ್ಮ ತಮ್ಮ ಸ್ಥಾನದಲ್ಲಿ ಇರಲಿಲ್ಲವೆಂಬುದು ಅವರು ಕೊಟ್ಟ ವಿವರಣೆ. ಇದ್ದೆವು ಎಂಬುದು ವಿರೋಧ ಪಕ್ಷದವರ ವಾದ. ನಿಯಮ ಪುಸ್ತಕ ಹಾರಿತು, ಮೈಕು ಕಿತ್ತುಬಂತು, ಮಸೂದೆಗಳು ಧ್ವನಿಮತದಲ್ಲಿ ಪಾಸಾದವು. ಮರುದಿನ ಎಂಟು ಸದಸ್ಯರು ಅಮಾನತಾದರು, ಅವರಲ್ಲಿ ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಒಬ್ಬರು.

ಅವರ ವರ್ತನೆ ಸರಿಯೇ ತಪ್ಪೇ ಎಂಬ ಜಗಳ ತಿಂಗಳುಗಟ್ಟಲೆ ನಡೆಯಿತು. ಅದರ ಅಡಿಯಲ್ಲಿ ಮುಚ್ಚಿಹೋದ ಸಂಗತಿ ಇದು: ದೆಹಲಿಯ ಗಡಿಯಲ್ಲಿ ರೈತರನ್ನು ಒಂದು ವರ್ಷ ಕೂರಿಸಿದ ಆ ಕಾನೂನುಗಳಿಗೆ ಹಿರಿಯರ ಸದನದಲ್ಲಿ ಯಾರು ಪರ, ಯಾರು ವಿರೋಧ ಎಂಬುದಕ್ಕೆ ಒಂದು ಪಟ್ಟಿ ಇಲ್ಲ. ಮಣ್ಣಿನ ಮಗನೆಂದೇ ರಾಜಕೀಯ ಮಾಡಿದ ಮಾಜಿ ಪ್ರಧಾನಿಯ ಮತ ಕೂಡ ದಾಖಲಾಗಲಿಲ್ಲ. 2021ರ ನವೆಂಬರ್ 29ರಂದು ಅವೇ ಕಾನೂನುಗಳನ್ನು ಹಿಂಪಡೆಯುವ ಮಸೂದೆ ಎರಡೂ ಸದನಗಳಲ್ಲಿ ಒಂದೇ ದಿನ, ಚರ್ಚೆಯಿಲ್ಲದೆ ಪಾಸಾಯಿತು. ಬಂದದ್ದೂ ಧ್ವನಿಮತದಲ್ಲಿ, ಹೋದದ್ದೂ ಧ್ವನಿಮತದಲ್ಲಿ.

ಈಗ ಅದೇ ಕಾಲದ ಇನ್ನೊಂದು ಸಂಗತಿಗೆ ಬರೋಣ. ಇದು ನಮ್ಮ ಮನೆಯದ್ದೇ.

ದೇವರಾಜ ಅರಸರ ಕಾಲದ ಭೂಸುಧಾರಣೆಯ ಬಳುವಳಿಯಾಗಿ ಬಂದದ್ದು ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು. ಬೇಸಾಯ ಬಿಟ್ಟು ಬೇರೆ ಮೂಲಗಳಿಂದ ಇಂತಿಷ್ಟಕ್ಕಿಂತ ಹೆಚ್ಚು ಆದಾಯ ಇರುವವರು, ಬೇಸಾಯಗಾರರಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಎಂಬುದು ಅವುಗಳ ತಿರುಳು. 2020ರಲ್ಲಿ ಬಿ.ಎಸ್. ಯಡಿಯೂರಪ್ಪನವರ ಸರ್ಕಾರ ಮೊದಲು ಸುಗ್ರೀವಾಜ್ಞೆಯ ಮೂಲಕ, ಆಮೇಲೆ ಮಸೂದೆಯ ಮೂಲಕ ಈ ತಡೆಗಳನ್ನು ಕಿತ್ತುಹಾಕಿತು. ಕಾಂಗ್ರೆಸ್ ಮತ್ತು ಜೆಡಿಎಸ್ ಎರಡೂ ವಿರೋಧಿಸಿದವು, ರೈತ ಸಂಘಗಳು ಬೀದಿಗಿಳಿದವು. ಕಾಂಗ್ರೆಸ್ಸಿನ ವಿರೋಧವನ್ನು ಕೇಳುವಾಗ ಒಂದು ಮಾತು ನೆನಪಿಡಬೇಕು: ಅದೇ 79ಎ ಅಡಿಯ ಆದಾಯದ ಮಿತಿಯನ್ನು 2015ರಲ್ಲಿ ಎರಡು ಲಕ್ಷದಿಂದ 25 ಲಕ್ಷಕ್ಕೆ ಏರಿಸಿದ್ದು ಸಿದ್ದರಾಮಯ್ಯನವರ ಸರ್ಕಾರ. ಬೇಲಿಯನ್ನು ಒಬ್ಬರು ತಗ್ಗಿಸಿದರು, ಇನ್ನೊಬ್ಬರು ಕಿತ್ತರು.

ವಿಧಾನಸಭೆಯಲ್ಲಿ ಬಿಜೆಪಿಗೆ ಬಹುಮತವಿತ್ತು, ಪರಿಷತ್ತಿನಲ್ಲಿ ಇರಲಿಲ್ಲ. ಡಿಸೆಂಬರ್ 8ರಂದು ಮಸೂದೆ ಪರಿಷತ್ತಿಗೆ ಬಂತು. ಕೇಂದ್ರದ ಕೃಷಿ ಕಾನೂನುಗಳ ವಿರುದ್ಧ ರೈತರು ಭಾರತ್ ಬಂದ್‌ಗೆ ಕರೆ ಕೊಟ್ಟಿದ್ದ ದಿನವೂ ಅದೇ. ಪರಿಷತ್ತಿನಲ್ಲಿ ಎಣಿಕೆ ನಡೆಯಿತು. ಪರ 37, ವಿರೋಧ 21. ಜೆಡಿಎಸ್ ಸದಸ್ಯರು ಸರ್ಕಾರದ ಕಡೆ ನಿಂತಿದ್ದರು.

ಆ ಸಂಜೆಯಿಂದ ಜೆಡಿಎಸ್ ನಾಯಕರು ಉತ್ತರ ಕೊಡುತ್ತಲೇ ಇರಬೇಕಾಯಿತು. ರೈತ ಮುಖಂಡರು ‘ಹಸಿರು ಶಾಲು ಹೊದ್ದು ಮೋಸ ಮಾಡಿದಿರಿ’ ಎಂದರು. ನಿಲುವು ಬದಲಿಸಿದ್ದಕ್ಕೆ ಪಕ್ಷ ತನ್ನ ಸಮರ್ಥನೆ ಹೇಳಿತು. ಸಮರ್ಥನೆ ಗಟ್ಟಿಯೋ ಜಳ್ಳೋ ಎಂಬುದು ಬೇರೆ ವಿಷಯ. ಎಣಿಕೆಯೇ ನಡೆಯದೆ, ಗದ್ದಲದ ನಡುವೆ ಧ್ವನಿಮತವೊಂದು ಆಗಿಹೋಗಿದ್ದರೆ? ಪರಿಷತ್ತಿನಲ್ಲಿ ಮಸೂದೆ ಹೇಗೋ ಪಾಸಾಯಿತಂತೆ ಎಂದು ಸುಮ್ಮನಾಗುತ್ತಿದ್ದೆವು. ಜೆಡಿಎಸ್ ಮರುದಿನವೂ ಅದೇ ಹಸಿರು ಶಾಲಿನಲ್ಲಿ ಅದೇ ಭಾಷಣ ಮಾಡಬಹುದಿತ್ತು. ಒಂದು ಪಕ್ಷ ಬೀದಿಯಲ್ಲಿ ಆಡುವ ಮಾತಿಗೂ ಸದನದಲ್ಲಿ ಹಾಕುವ ಮತಕ್ಕೂ ನಡುವಿನ ಅಂತರವನ್ನು ಅಳೆಯಲು ನಮಗಿರುವ ಅಳತೆಗೋಲು ಎಣಿಕೆಯೊಂದೇ.

ಇಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಹಗುರವಾದದ್ದಲ್ಲ. ನಮ್ಮಲ್ಲಿ ಮತ ಶಾಸಕನದ್ದಲ್ಲವಲ್ಲ, ಪಕ್ಷದ್ದು. ವಿಪ್ ಹೊರಟಿತೆಂದರೆ ಕತೆ ಮುಗಿಯಿತು. ಹಾಗಿರುವಾಗ ಒಬ್ಬೊಬ್ಬರ ಮತ ಬರೆದಿಟ್ಟು ಏನು ಪ್ರಯೋಜನ, ಪಕ್ಷದ ಹೆಸರೊಂದನ್ನು ಬರೆದರೆ ಸಾಲದೇ?

ವಿಪ್‌ಗೆ ಈ ಬಲ ಬಂದದ್ದು ಹೀಗೆ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕ ಒಂದು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿ ‘ಆಯಾ ರಾಮ್, ಗಯಾ ರಾಮ್’ ಎಂಬ ಮಾತಿಗೆ ಕಾರಣನಾದ. ಆ ರೋಗಕ್ಕೆ ಮದ್ದೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಬಂತು. ಪಕ್ಷ ಬಿಟ್ಟರೆ ಸದಸ್ಯತ್ವ ಹೋಗುತ್ತದೆ, ಸರಿ. ಅದರ ಜೊತೆಗೇ, ಪಕ್ಷದ ನಿರ್ದೇಶನದ ವಿರುದ್ಧ ಮತ ಹಾಕಿದರೂ, ಮತ ಹಾಕದೆ ಕೂತರೂ, ಹದಿನೈದು ದಿನದೊಳಗೆ ಪಕ್ಷ ಮನ್ನಿಸದಿದ್ದರೆ ಸದಸ್ಯತ್ವ ಹೋಗುತ್ತದೆ. ವಿಶ್ವಾಸಮತಕ್ಕೆ ಮಾತ್ರ ಇದನ್ನು ಸೀಮಿತ ಮಾಡಿ ಎಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. 1992ರ ಕಿಹೋಟೋ ಹೊಲ್ಲೋಹಾನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿದರೂ, ಸರ್ಕಾರದ ಅಳಿವು ಉಳಿವು ಅಥವಾ ಪಕ್ಷದ ಮೂಲಭೂತ ಕಾರ್ಯಕ್ರಮದ ವಿಷಯಕ್ಕಷ್ಟೇ ಇಂಥ ನಿರ್ದೇಶನ ಇರಲಿ ಎಂಬ ಧಾಟಿಯಲ್ಲಿ ಮಾತಾಡಿತು. 2010ರಲ್ಲಿ ಮನೀಶ್ ತಿವಾರಿ ಇದಕ್ಕಾಗಿಯೇ ಖಾಸಗಿ ಮಸೂದೆ ತಂದರು. ಯಾವ ಪಕ್ಷವೂ, ಅವರ ಪಕ್ಷವೂ ಸೇರಿ, ಕಿವಿಗೊಡಲಿಲ್ಲ. ಹಗ್ಗ ಕೈಯಲ್ಲಿರುವವರು ಅದನ್ನು ಸಡಿಲಿಸುವುದುಂಟೇ?

ಹಾಗಾಗಿ ಆಕ್ಷೇಪದಲ್ಲಿ ಅರ್ಧ ನಿಜವಿದೆ. ಇನ್ನರ್ಧವನ್ನು ನಾನು ಒಪ್ಪುವುದಿಲ್ಲ. ವಿಪ್ ಇತ್ತು ಎಂಬುದು ಶಾಸಕ ತನ್ನ ಮತದಾರರಿಗೆ ಕೊಡಬಹುದಾದ ಒಂದು ವಿವರಣೆ. ವಿವರಣೆ ಕೊಡಬೇಕಾದ ಪ್ರಸಂಗವೇ ಬಾರದಂತೆ ಮಾಡುವ ಪರವಾನಗಿ ಅದಲ್ಲ. ‘ನನಗೆ ಮನಸ್ಸಿರಲಿಲ್ಲ, ಪಕ್ಷ ಹೇಳಿತು, ಹಾಕಿದೆ’ ಎಂದು ಊರಿನ ಕಟ್ಟೆಯ ಮೇಲೆ ಕೂತು ಹೇಳಲಿ. ಹಾಗೆ ಹೇಳುವವರ ಸಂಖ್ಯೆ ಹೆಚ್ಚಿದ ದಿನ ವಿಪ್ ಎಂಬುದರ ಮೇಲೆ ಜನರ ಕಣ್ಣು ಬೀಳುತ್ತದೆ. ಈಗ ಅದು ಪಕ್ಷದ ಕಚೇರಿಯ ಕಾಗದ, ಅಷ್ಟೇ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ಪ್ರತಿ ಮತವನ್ನೂ ದಾಖಲಿಸಿದರೆ ಅದನ್ನು ಮೊದಲು ಓದುವವರು ಮತದಾರರಲ್ಲ, ಮುಖ್ಯ ಸಚೇತಕರು. ಧ್ವನಿಮತದಲ್ಲಿ ಒಬ್ಬ ಶಾಸಕ ತುಟಿ ಬಿಚ್ಚದೆ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ. ಇರುವ ಅಷ್ಟು ಸ್ವಾತಂತ್ರ್ಯವೂ ಹೋಗುತ್ತದೆ. ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಮಾತು. ಆದರೆ ಯಾರಿಗೂ ಕಾಣದ, ಫಲಿತಾಂಶದ ಮೇಲೆ ಯಾವ ಪರಿಣಾಮವೂ ಇಲ್ಲದ ಆ ಮೌನದಿಂದ ಯಾವ ಕಾನೂನು ನಿಂತಿದೆ? ಪಕ್ಷಗಳಿಗಂತೂ ಬೇಕಾದಾಗ ಬೇಕಾದ್ದನ್ನು ನೋಡುವ ಏರ್ಪಾಡು ಇದ್ದೇ ಇದೆ. 2003ರಿಂದ ರಾಜ್ಯಸಭಾ ಚುನಾವಣೆಯಲ್ಲಿ ಶಾಸಕ ತನ್ನ ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮುನ್ನ ಪಕ್ಷದ ಏಜೆಂಟನಿಗೆ ತೋರಿಸಬೇಕು. 2024ರ ಫೆಬ್ರುವರಿಯಲ್ಲಿ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ಸಿಗೆ ಅಡ್ಡಮತ ಹಾಕಿದ್ದು, ಶಿವರಾಮ ಹೆಬ್ಬಾರ್ ಮತಕ್ಕೇ ಬಾರದೆ ಹೋದದ್ದು ಆ ಗಳಿಗೆಯಲ್ಲೇ ಬಿಜೆಪಿಗೆ ಗೊತ್ತಾಯಿತು. ಪಕ್ಷಕ್ಕೆ ತೋರಿಸಬಹುದಾದ ಮತವನ್ನು ಆರಿಸಿ ಕಳಿಸಿದವರಿಗೆ ತೋರಿಸಬಾರದು ಎಂಬ ನ್ಯಾಯ ನನಗೆ ಅರ್ಥವಾಗುವುದಿಲ್ಲ.

ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ 1836ರಿಂದಲೇ ಮತವಿಭಜನೆಯ ಪಟ್ಟಿಯನ್ನು ಹೆಸರು ಸಮೇತ ಅಧಿಕೃತವಾಗಿ ಪ್ರಕಟಿಸುತ್ತ ಬಂದಿದೆ. ಅಲ್ಲೂ ವಿಪ್ ಉಂಟು, ಮೀರಿದರೆ ಪಕ್ಷ ಮುನಿಸಿಕೊಳ್ಳುತ್ತದೆ, ಆದರೆ ಸದಸ್ಯತ್ವ ಹೋಗುವುದಿಲ್ಲ. ಅಮೆರಿಕದ ಸಂವಿಧಾನವಂತೂ ಹಾಜರಿರುವವರಲ್ಲಿ ಐದನೇ ಒಂದು ಭಾಗ ಕೇಳಿದರೆ ಪ್ರತಿಯೊಬ್ಬರ ಹೌದು-ಇಲ್ಲವನ್ನು ನಡಾವಳಿಯಲ್ಲಿ ಬರೆಯಲೇಬೇಕೆನ್ನುತ್ತದೆ. ಅಲ್ಲಿನ ಕಾಂಗ್ರೆಸ್ಸಿಗೆ ಆರಿಸಿಬಂದ ಮೊದಲ ಮಹಿಳೆ, ಮೊಂಟಾನಾದ ಜೆನೆಟ್ ರ್‍ಯಾಂಕಿನ್, 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಇಲ್ಲವೆಂದರು; ಜೊತೆಗೆ 49 ಮಂದಿ ಇದ್ದರು. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ಮತ್ತೆ ಇಲ್ಲವೆಂದರು. ಈ ಸಲ 388ರ ಎದುರು ಅವರು ಒಬ್ಬರೇ. ಹೊರಗೆ ಬಂದಾಗ ಜನ ಮುತ್ತಿಕೊಂಡರು. ಟೆಲಿಫೋನ್ ಬೂತಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಕಾಯಬೇಕಾಯಿತು. 1942ರಲ್ಲಿ ಅವರು ಮತ್ತೆ ಸ್ಪರ್ಧಿಸಲಿಲ್ಲ. ಆ ಮತ ತಪ್ಪಾಗಿತ್ತೆಂದು ಇಂದಿಗೂ ವಾದಿಸುವವರಿದ್ದಾರೆ, ಬಹುಶಃ ನಾನೂ ಅವರ ಸಾಲಿನವನೇ. ಆದರೂ ಎಂಬತ್ತು ವರ್ಷ ದಾಟಿದ ಮೇಲೆ ಇಲ್ಲಿ ಕೂತು ಆ ಒಂದು ಮತದ ಸರಿ-ತಪ್ಪು ತೂಗಲು ಆಗುತ್ತಿದೆ. ನಮ್ಮ ಎಂಬತ್ತು ದಿನದ ಹಿಂದಿನ ಮತವನ್ನು ತೂಗಲು ಆಗದು.

ಅಮೆರಿಕದ ಪದ್ಧತಿಯಲ್ಲಿ ಹುಳುಕಿಲ್ಲವೆಂದಲ್ಲ. ಅಲ್ಲಿ ಬಂದೂಕಿನ ಲಾಬಿಯಿಂದ ಹಿಡಿದು ಪರಿಸರದ ಸಂಘಗಳವರೆಗೆ ಎಲ್ಲರೂ ಸದಸ್ಯರಿಗೆ ಮತದ ಲೆಕ್ಕದಲ್ಲಿ ಅಂಕ ಕೊಡುತ್ತಾರೆ, ಸದಸ್ಯರು ಅಂಕಕ್ಕಾಗಿಯೇ ಮತ ಹಾಕುತ್ತಾರೆ. ಒಂದು ಮಸೂದೆಯಲ್ಲಿ ಹತ್ತು ವಿಷಯ ತುರುಕಿರುತ್ತಾರೆ. ಒಂಬತ್ತಕ್ಕೆ ಒಪ್ಪಿ ಒಂದಕ್ಕೆ ಒಪ್ಪದವನ ಮತವನ್ನು ಹೇಗೆ ಬೇಕಾದರೂ ತಿರುಚಿ ಚುನಾವಣೆಯಲ್ಲಿ ಬಳಸಬಹುದು. ಒವೈಸಿಯವರ ಮತವನ್ನು ‘ಮಹಿಳಾ ವಿರೋಧಿ’ ಎಂದು ಒಂದೇ ಪದದಲ್ಲಿ ಮುಗಿಸಿದವರನ್ನು ಇಲ್ಲೂ ಕಂಡೆವು. ದಾಖಲೆಯನ್ನು ಓದುವುದಕ್ಕೂ ವ್ಯವಧಾನ ಬೇಕು.

ನಮಗೆ ಆ ವ್ಯವಧಾನ ಇದೆಯೇ ಎಂಬುದೇ ನಿಜವಾದ ಅನುಮಾನ. 2019ರಲ್ಲಿ ಸರ್ಕಾರ ಬೀಳಿಸಿದ 17 ಶಾಸಕರನ್ನು ಸಭಾಧ್ಯಕ್ಷ ರಮೇಶ್ ಕುಮಾರ್ ಅನರ್ಹಗೊಳಿಸಿದರು. ಅವರಲ್ಲಿ 13 ಮಂದಿ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತರು, 11 ಮಂದಿ ಗೆದ್ದರು. ಮುಂಬೈ ಹೋಟೆಲ್ಲಿನ ವಾಸದಿಂದ ಹಿಡಿದು ಎಲ್ಲವೂ ಮತದಾರರಿಗೆ ಗೊತ್ತಿತ್ತು. ಗೊತ್ತಿದ್ದೂ ಗೆಲ್ಲಿಸಿದರು. ಇನ್ನು 79ಎ ಕಲಮಿಗೆ ಯಾರು ಏನೆಂದರು ಎಂದು ಯಾರು ಹುಡುಕಿಕೊಂಡು ಹೋಗುತ್ತಾರೆ? ನಮ್ಮೂರುಗಳಲ್ಲಿ ಒಳ್ಳೆಯ ಶಾಸಕ ಎಂದರೆ ಸಾವು-ನೋವಿಗೆ ಬರುವವನು, ಮದುವೆಗೆ ಬಂದು ಅಕ್ಷತೆ ಹಾಕುವವನು, ತಹಶೀಲ್ದಾರರಿಗೆ ಫೋನ್ ಮಾಡುವವನು, ಅನುದಾನ ತರುವವನು. ಕಾನೂನು ಮಾಡುವುದು ಅವನ ಕೆಲಸವೆಂದು ಅವನಿಗೂ ಅನ್ನಿಸಿಲ್ಲ, ನಮಗೂ ಅನ್ನಿಸಿಲ್ಲ.

ಈ ಮಾತನ್ನು ತಿರುಗಿಸಿಯೂ ನೋಡಬಹುದು. ಶಾಸಕನ ಯಾವ ಕೆಲಸ ಕಣ್ಣಿಗೆ ಕಾಣುತ್ತದೋ ಅದರಿಂದಲೇ ನಾವು ಅವನನ್ನು ಅಳೆಯುತ್ತೇವೆ. ಗುದ್ದಲಿ ಪೂಜೆ ಕಾಣುತ್ತದೆ, ಫ್ಲೆಕ್ಸ್ ಕಾಣುತ್ತದೆ, ಪರಿಹಾರದ ಚೆಕ್ ಕೊಡುವುದು ಕಾಣುತ್ತದೆ. ಮತ ಕಾಣುವುದಿಲ್ಲ. 2020ರ ಡಿಸೆಂಬರಿನಲ್ಲಿ ಕಂಡಿತು, ಕಂಡ ಕೂಡಲೇ ಮಂಡ್ಯದ ರೈತರೂ ಅದರ ಬಗ್ಗೆ ಮಾತಾಡಿದರು. ಹಳ್ಳಿಯ ಜನಕ್ಕೆ ಕಲಮು, ಉಪಕಲಮು ಅರ್ಥವಾಗುವುದಿಲ್ಲ ಎಂಬುದು ನಗರದವರ ಅಹಂಕಾರ. ಭೂಮಿಯ ಕಾನೂನನ್ನು ಅವರಷ್ಟು ಚೆನ್ನಾಗಿ ಓದುವವರಿಲ್ಲ.

ಗೈರುಹಾಜರಿಯ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಕಷ್ಟದ ಮತದ ದಿನ ಸದನದಿಂದ ಮಾಯವಾಗುವುದು ನಮ್ಮಲ್ಲಿ ಹಳೆಯ ವಿದ್ಯೆ. 2019ರ ವಿಶ್ವಾಸಮತಕ್ಕೆ ಬಾರದ ಕೊಳ್ಳೇಗಾಲದ ಎನ್. ಮಹೇಶ್ ಅವರನ್ನು ಬಿಎಸ್‌ಪಿ ಉಚ್ಚಾಟಿಸಿತು. ಎಣಿಕೆ ನಡೆದದ್ದರಿಂದ ಗೈರು ಕೂಡ ಸುದ್ದಿಯಾಯಿತು. ಧ್ವನಿಮತದಲ್ಲಿ ಕ್ಯಾಂಟೀನಿನಲ್ಲಿ ಕೂತವನಿಗೂ ಒಳಗೆ ಹೌದೆಂದವನಿಗೂ ಇಲ್ಲವೆಂದು ಕೂಗಿದವನಿಗೂ ವ್ಯತ್ಯಾಸವೇ ಇಲ್ಲ. ಕ್ಷೇತ್ರಕ್ಕೆ ಹೋದ ಮೇಲೆ ಮೂವರೂ ‘ನಾನು ವಿರೋಧಿಸಿದ್ದೆ’ ಎನ್ನಬಹುದು, ಮೂವರೂ ‘ನಾನೇ ಮಾಡಿಸಿದ್ದು’ ಎನ್ನಬಹುದು, ಯಾವುದು ಲಾಭವೋ ಅದನ್ನು.

ಮಾಡಬೇಕಾದದ್ದು ದೊಡ್ಡದೇನಲ್ಲ. ಮಸೂದೆಯ ಪ್ರತಿ ಹಂತಕ್ಕೂ, ಪ್ರತಿ ತಿದ್ದುಪಡಿಗೂ ಎಣಿಕೆ ಬೇಡ. ಕೊನೆಯ ಅಂಗೀಕಾರದ ಹಂತಕ್ಕೆ ಸಾಕು. ಯಾರು ಹೌದು, ಯಾರು ಇಲ್ಲ, ಯಾರು ತಟಸ್ಥ, ಯಾರು ಗೈರು, ವಿಪ್ ಇತ್ತೇ ಇರಲಿಲ್ಲವೇ ಎಂಬ ಒಂದು ಹಾಳೆ ಅದೇ ಸಂಜೆ ಪ್ರಕಟವಾಗಲಿ. ಸಮಯ ಹಾಳಾಗುತ್ತದೆಂಬ ನೆಪ ನಿಲ್ಲದು. ಗುಂಡಿ ಒತ್ತಲು ಹಿಡಿಯುವ ಹೊತ್ತು ಒಂದು ಧರಣಿಗೆ ಹಿಡಿಯುವ ಹೊತ್ತಿನ ಮುಂದೆ ಲೆಕ್ಕಕ್ಕಿಲ್ಲ. ಹತ್ತನೇ ಅನುಸೂಚಿಯನ್ನು ತಿದ್ದಲು ದೆಹಲಿ ಮನಸ್ಸು ಮಾಡಬೇಕು. ಇದಕ್ಕೆ ದೆಹಲಿ ಬೇಕಿಲ್ಲ: ಸಂವಿಧಾನದ 208ನೇ ವಿಧಿಯ ಪ್ರಕಾರ ತನ್ನ ಕಲಾಪದ ನಿಯಮಗಳನ್ನು ಮಾಡಿಕೊಳ್ಳುವ ಅಧಿಕಾರ ವಿಧಾನಮಂಡಲದ ಆಯಾ ಸದನದ್ದೇ. ಅಷ್ಟೂ ಆಗದಿದ್ದರೆ, ಇರುವ ನಿಯಮದಲ್ಲೇ ಪೀಠದ ತೀರ್ಮಾನವನ್ನು ಪ್ರಶ್ನಿಸಿ ಮತವಿಭಜನೆ ಕೇಳಲು ಸದಸ್ಯರಿಗೆ ಅವಕಾಶವಿದೆ. ಮುಂದಿನ ಸಲ ಸಂಬಳದ ಮಸೂದೆ ಬಂದ ದಿನ, ಯಾವ ಬದಿಯವರೇ ಆಗಲಿ, ಒಬ್ಬರು ಬಾವಿಗೆ ಇಳಿಯದೆ ತಮ್ಮ ಜಾಗದಲ್ಲೇ ಎದ್ದು ನಿಂತು ಅದನ್ನು ಕೇಳಿ ನೋಡಲಿ.